ಮೂರು ಗುಂಡಿ ಒತ್ತಿದರೆ ಸಾಕು

ಶುಕ್ರವಾರ ಮಧ್ಯಾಹ್ನ ಹನ್ನೆರಡು ಗಂಟೆ ಐದು ನಿಮಿಷಕ್ಕೆ ಸತ್ಯವ್ವನವರ ಫೋನು ಬಂತು. ಬೆಳಿಗ್ಗೆ ಹತ್ತರಿಂದ ನಾನು ಅದಕ್ಕಾಗಿಯೇ ಕಾದಿದ್ದೆ. ಬೈಲಹೊಂಗಲದ ನಮ್ಮ ಜೆರಾಕ್ಸ್ ಅಂಗಡಿಯಲ್ಲಿ ಒಬ್ಬರ ಆಧಾರ್ ಕಾರ್ಡಿನ ಒಂದೇ ಮುಖವನ್ನು ಎರಡು ಸಲ ತೆಗೆದು ಬೈಸಿಕೊಂಡೂ ಆಗಿತ್ತು.

"ಗುರುನಾಥಣ್ಣಾರ, ನಿಮ್ಮ ಪೆನ್ ಡ್ರೈವ್ ಹಾಕೇನ್ರಿ. ಮೂರು ಗುಂಡಿ ಒತ್ತಿದ್ರ ಸಾಕು ಅಂದಿದ್ರಿ. ಮೂರೂ ಒತ್ತೇನಿ. ಹತ್ತವಲ್ದು."

"ಈಗ ಹಾಕಿದ್ರೇನ್ರಿ ಅಕ್ಕಾರ? ಹತ್ತರ ಬಸ್ಸಿಗೇ ಮುಟ್ಟಿರಬೇಕಲ್ಲ?"

"ಮುಟ್ಟೇತ್ರಿ. ಕಂಡಕ್ಟರ್ ಕೈಯಾಗ ಕೊಟ್ಟು ಹೋದ. ಹತ್ತೂವರಿಗೆ ರಾಹುಕಾಲ ಸುರು ಆತಲ್ರಿ. ಹೊಸಾದು, ರಾಹುಕಾಲದಾಗ ಹೆಂಗ ಹಚ್ಚೂದು? ಹನ್ನೆರಡು ಹೊಡೀಲಿ ಅಂತ ಕುಂತಿದ್ವಿ."

ಒಂದು ಗಂಟೆಗೆ ಸಿರಸಂಗಿಯ ಅವರ ಅಂಗಳದಲ್ಲಿ ದೈವ ಕೂಡುವುದಿತ್ತು. ದೈವವೆಂದರೆ ಊರ ಹಿರಿಯರು, ಎರಡೂ ಕಡೆಯ ಮಂದಿ. ಮಗಳು ಶೀತಲ್‌ಳ ನಿಶ್ಚಯ, ಬೀಗರು ರಾಮದುರ್ಗದವರು. ಹುಡುಗಿಯ ತಂದೆ ದೈವದ ಮುಂದೆ ಮೂರು ಸಲ "ಹೆಣ್ಣು ಕೊಟ್ಟೇನಿ" ಎಂದು ಬಾಯಿಬಿಟ್ಟು ಹೇಳಬೇಕು; ಆಮೇಲೆಯೇ ಸಕ್ಕರೆ ಹಂಚುವುದು. ಆ ಮನೆತನದಲ್ಲಿ ಅದು ನಡೆದುಬಂದ ರೀತಿ.

ಹುಡುಗಿಯ ತಂದೆ ಲಗಮಪ್ಪನವರಿಗೆ ದನಿಯಿರಲಿಲ್ಲ. ಹೋದ ವರ್ಷ ಗಂಟಲಿನ ಕ್ಯಾನ್ಸರಿಗೆ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಆಪರೇಷನ್ನಿಗೆ ಒಂದು ವಾರ ಮೊದಲು ದವಾಖಾನೆಯ ಕಾಗದಗಳ ಪ್ರತಿ ಮಾಡಿಸಲು ಅವರು ನಮ್ಮ ಅಂಗಡಿಗೆ ಬಂದಿದ್ದರು. ಕಾಗದ ಕೈಗೆ ಬಂದರೆ ಓದಿಬಿಡುವುದು ನನ್ನ ಕೆಟ್ಟ ಚಟ. ಓದಿ, ತಡೆಯಲಾರದೆ, ಅವರಿಗೆ 'ಉಲಿ'ಯ ವಿಷಯ ಹೇಳಿದೆ.

ಉಲಿ ಒಂದು ತಂತ್ರಾಂಶ. ಕನ್ನಡದಲ್ಲಿ ಏನು ಟೈಪ್ ಮಾಡಿದರೂ ಅದನ್ನು ಗಟ್ಟಿಯಾಗಿ ಓದುತ್ತದೆ. ಯಾರದೇ ದನಿಯನ್ನು ಮೊದಲೇ ಮುದ್ರಿಸಿಟ್ಟುಕೊಂಡರೆ ಆ ದನಿಯಲ್ಲಿಯೇ ಓದುತ್ತದೆ. ಅದು ಮುಕ್ತ ತಂತ್ರಾಂಶ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಅದರೊಳಗಿನ ಬರಹವನ್ನು ತೆರೆದು ತಿದ್ದಬಹುದು. ಕಿತ್ತೂರಿನ ಸ್ನೇಹಲ್ ಎಂಬ ಹುಡುಗಿ ತನ್ನ ನೌಕರಿ ಮುಗಿಸಿ ಉಳಿದ ಹೊತ್ತಿನಲ್ಲಿ ಅದನ್ನು ಬರೆಯುತ್ತಿದ್ದಳು. ಲಗಮಪ್ಪನವರು ನಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ ಫ್ಯಾನ್ ಬಂದ್ ಮಾಡಿಕೊಂಡು, ಬೆವರು ಒರೆಸಿಕೊಳ್ಳುತ್ತ, ಎರಡು ದಿನದಲ್ಲಿ ನಾನೂರು ವಾಕ್ಯ ಓದಿದರು. ಆ ದನಿ ಉಲಿಯೊಳಗೆ ಕೂಡಿ ತಯಾರಾದದ್ದು ಈ ವಾರವಷ್ಟೇ.

ನಾನು ಇಂಜಿನಿಯರ್ ಅಲ್ಲ. ಹಗಲು ಅಂಗಡಿ ನೋಡಿಕೊಂಡು, ಸಂಜೆ ತರಗತಿಯಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡಿದವನು. ಉಲಿಯಲ್ಲಿ ನನ್ನ ಪಾಲಿನ ಕೆಲಸ ಒಂದೇ, ಹೊಸಬರೂ ಅದನ್ನು ತಮ್ಮ ಕಂಪ್ಯೂಟರಿಗೆ ತಾವೇ ಹಾಕಿಕೊಳ್ಳುವಂತೆ ಮಾಡುವುದು. ಮೊದಲು ಎರಡು ಪುಟದಷ್ಟು ಇಂಗ್ಲಿಷ್ ಆಜ್ಞೆಗಳನ್ನು ಟೈಪ್ ಮಾಡಬೇಕಿತ್ತು. ನಾನು ಅದನ್ನು ಮೂರು ಗುಂಡಿಗೆ ಇಳಿಸಿದೆ: ಮುಂದೆ, ಒಪ್ಪಿದೆ, ಮುಗಿಯಿತು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಏನಾದರೂ ತಪ್ಪಿದಾಗ ಬರುತ್ತಿದ್ದ ಕೆಂಪು ಅಕ್ಷರದ ಇಂಗ್ಲಿಷ್ ಸಂದೇಶಗಳನ್ನೆಲ್ಲ ಮುಚ್ಚಿ, ಅವುಗಳ ಜಾಗದಲ್ಲಿ ಒಂದೇ ಒಂದು ಕನ್ನಡ ವಾಕ್ಯ ಇಟ್ಟೆ. ಸ್ನೇಹಲ್ ಆಗಲೇ ಹೇಳಿದ್ದಳು, "ಸರ್, ಜ್ವರ ಬಂದ್ರ ಥರ್ಮಾಮೀಟರ್ ಒಡದ ಒಗದಂಗ ಆಗತೈತಿ ಇದು." ಹೊಸಬರು ಅಂಜುತ್ತಾರೆ ಎಂದು ನಾನು ವಾದಿಸಿದ್ದೆ.

"ಅಕ್ಕಾರ, ಪರದೆ ಮ್ಯಾಲ ಏನ ಬಂದೈತಿ, ಓದ್ರಿ."

"ಏನೋ ತೊಂದರೆಯಾಗಿದೆ, ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ ಅಂತೈತ್ರಿ. ನಾಲ್ಕ ಸಲ ಪ್ರಯತ್ನಿಸೇನಿ. ನಾಲ್ಕೂ ಸಲ ದಯವಿಟ್ಟು ಅಂತು. ಏನ ತೊಂದರಿ ಅಂತ ಮಾತ್ರ ಬಾಯಿ ಬಿಡವಲ್ದು."

ಅದು ನಾನೇ ಬರೆದ ವಾಕ್ಯ.

"ಒಂದು ಫೋಟೋ ಹೊಡದ ಕಳಸ್ರಿ."

"ಇದು ಸಣ್ಣ ಫೋನ್ರಿ, ಫೋಟೋ ಬರಂಗಿಲ್ಲ. ಶೀತಲ್‌ದ ದೊಡ್ಡ ಫೋನ್ ನಮ್ಮ ಭಾವಾರು ಒಯ್ದಾರ. ಬೀಗರಿಗೆ ದಾರಿ ತೋರ್ಸಾಕ ಕ್ರಾಸಿಗೆ ಹೋಗ್ಯಾರ."

"ಶೀತಲ್‌ನ್ನರ ಕರೀರಿ."

"ಬ್ಯಾಡ್ರಿ ಅಣ್ಣಾರ. ಅಕೀಗೆ ಆಚೀಮನ್ಯಾಗ ಸೀರಿ ಉಡಸಾಕತ್ತಾರ. ಮುಂಜಾನಿಂದ ಅತ್ತು ಕಣ್ಣು ಕೆಂಪ ಮಾಡಕೊಂಡಾಳ. ಇದು ಹತ್ತವಲ್ದು ಅಂದ್ರ ಮತ್ತ ಸುರು ಮಾಡತಾಳ."

ನಾನೇ ಹೋಗೋಣವೆಂದರೆ ಸವದತ್ತಿ ದಾಟಿ ಹೋಗಬೇಕು. ಬಸ್ಸಿನಲ್ಲಿ ಎರಡು ತಾಸು. ಫೋನಿನ ಆ ಕಡೆಯಿಂದ ಟಕ್ ಟಕ್ ಎಂದು ಸದ್ದು ಬರುತ್ತಲೇ ಇತ್ತು.

"ಅದೇನ ಸಪ್ಪಳ್ರಿ?"

"ಅವರ್ರಿ. ಪಾಟಿ ಮ್ಯಾಲ ಬಳಪ ಬಡ್ಯಾಕತ್ತಾರ. ನಾ ಹೇಳದಿದ್ರ ದೈವದಾಗ ಕುಂದ್ರಂಗಿಲ್ಲ ಅಂತ ಬರದಾರ. ನಿನ್ನಿ ರಾತ್ರಿ ಬರದದ್ದು, ಇನ್ನೂ ಅಳಿಸಿಲ್ಲ." ಆಕೆ ದನಿ ತಗ್ಗಿಸಿದರು. "ಅಣ್ಣಾರ, ಒಮ್ಮೆ ಹಟ ಹಿಡದ್ರ ಹಿಡದ್ರ. ಭಾವಾರು ತಾವು ಹೇಳತೇನಿ ಅಂದ್ರು. ಒಲ್ಲೆ ಅಂದಾರ. ಅಪ್ಪ ಒಳಗ ಕುಂತು ಮಗಳ ನಿಶ್ಚಯ ಹೊರಗ ಆದ್ರ ಬೀಗರು ಏನ ತಿಳಕೋಬೇಕ್ರಿ?"

ಅಂಗಡಿಯ ಇನ್ನೊಂದು ಫೋನಿನಿಂದ ಸ್ನೇಹಲ್‌ಗೆ ಹಚ್ಚಿದೆ. ಎಡಗಿವಿಗೆ ಸಿರಸಂಗಿ, ಬಲಗಿವಿಗೆ ಕಿತ್ತೂರು. ವಿಷಯ ಕೇಳಿದವಳು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

"ಸರ್, ಲಾಗ್ ಕಡತನಾದ್ರೂ ಇಟ್ಟೀರೋ, ಅದನ್ನೂ ತಗದ್ರೋ?"

ಲಾಗ್ ಎಂದರೆ ತಂತ್ರಾಂಶ ತಾನು ಮಾಡಿದ್ದನ್ನೆಲ್ಲ ಸಾಲುಸಾಲಾಗಿ ಬರೆದಿಡುವ ಕಡತ. ಪುಣ್ಯಕ್ಕೆ ಅದನ್ನು ತೆಗೆದಿರಲಿಲ್ಲ. ಪೆನ್ ಡ್ರೈವಿನೊಳಗೆ ಯಾರ ಕಣ್ಣಿಗೂ ಬೀಳದಂತೆ ಮೂರು ಫೋಲ್ಡರುಗಳ ಒಳಗೆ ಇಟ್ಟಿದ್ದೆ. ಸತ್ಯವ್ವನವರು ಒಂದೊಂದೇ ಫೋಲ್ಡರ್ ತೆರೆದು ಅಲ್ಲಿಗೆ ಹೋಗಿ ಮುಟ್ಟುವಾಗ ಹನ್ನೆರಡು ಇಪ್ಪತ್ತು.

"ಎಲ್ಲಾ ಇಂಗ್ಲಿಷ್ ಐತ್ರಿ. ನಾ ಏಳನೇತ್ತಾ ಕಲತಾಕಿ. ಅಕ್ಷರ ಗುರ್ತ ಹಿಡೀತೇನಿ, ಕೂಡಿಸಾಕ ಬರಂಗಿಲ್ಲ."

"ಕೂಡಿಸಬ್ಯಾಡ್ರಿ. ಕಟ್ಟಕಡೀ ಸಾಲು, ಒಂದೊಂದ ಅಕ್ಷರ ಓದಕೋತ ಹೋಗ್ರಿ. ನಾ ಬರಕೋತೇನಿ."

ಆಕೆ ಓದಿದರು. ಸಿ. ಎರಡು ಚುಕ್ಕಿ. ಓರೆ ಗೆರೆ. ಯು, ಎಸ್, ಇ, ಆರ್, ಎಸ್. ಓರೆ ಗೆರೆ. ಓರೆ ಗೆರೆ. ಎ, ಪಿ, ಪಿ. ಸಾಲು ಪರದೆಯ ಅಂಚಿಗೆ ಹೋಗಿ ಕಾಣದಾದಾಗ ಅದನ್ನು ಸರಿಸುವುದು ಹೇಗೆಂದು ಹೇಳಿಕೊಟ್ಟೆ. ಕೆಟ್ಟುಹೋದ ಒಂದು ಪ್ರತಿಯ ಹಿಂಬದಿಯಲ್ಲಿ ನಾನು ಅಕ್ಷರ ಜೋಡಿಸಿದೆ. ಕಡೆಗೆ ಸಿಕ್ಕಿದ್ದು ಇಷ್ಟು: ಇಂಥ ಜಾಗದಲ್ಲಿರುವ ದನಿಯ ಕಡತವನ್ನು ತೆರೆಯಲಾಗಲಿಲ್ಲ.

"ಜಾಗಾ ತುಂಬೇತೇನೋ ಕೇಳ್ರಿ," ಎಂದಳು ಸ್ನೇಹಲ್. ಕೇಳಿದೆ. ಅರ್ಧಕ್ಕರ್ಧ ಖಾಲಿಯಿತ್ತು. "ವೈರಸ್ ಕಾಯೋದು ಅಡ್ಡ ಬಂದಿರಬೇಕು. ಬಂದ್ ಮಾಡಸ್ರಿ." ಬಂದ್ ಮಾಡಿಸಿದೆ. ಮತ್ತೆ ಮೂರು ಗುಂಡಿ, ಮತ್ತೆ ದಯವಿಟ್ಟು. ಹನ್ನೆರಡು ಮೂವತ್ತಾರು. ಸೈಕಲ್ ರಿಪೇರಿಯ ಹನುಮಪ್ಪ ಜಾತಿ ಪ್ರಮಾಣಪತ್ರ ಹಿಡಿದು ಕೌಂಟರಿನ ಮುಂದೆ ನಿಂತಿದ್ದರು. ನಾನು ಕೈ ಎತ್ತಿ ನಿಲ್ಲಿಸಿದೆ.

"ಸರ್, ಆ ಸಾಲು ಇನ್ನೊಮ್ಮೆ ಓದ್ರಿ. ಗೆರಿ ಸೈತ ಬಿಡದ."

ಓದಿದೆ.

"ಎರಡು ಓರೆ ಗೆರಿ ಒಂದರ ಬೆನ್ನಿಗೊಂದು ಯಾಕ ಬರದೀರಿ?"

"ಅಕ್ಕಾರು ಹಂಗ ಓದಿದ್ರು."

"ಹಂಗ ಇರಾಕ ಸಾಧ್ಯ ಇಲ್ಲ. ಆ ಎರಡು ಗೆರಿ ನಡಕ ಒಂದು ಹೆಸರು ಇರಾಕ ಬೇಕು. ಕಂಪ್ಯೂಟರ್ ಯಾರ ಹೆಸರಿಲೆ ಐತಿ, ಅವರದು."

ಎಡಗಿವಿಯ ಫೋನಿಗೆ ಕೇಳಿದೆ. "ಅಕ್ಕಾರ, ಆ ಎರಡು ಗೆರಿ ನಡುವ ಏನೂ ಇಲ್ಲೇನ್ರಿ?"

ಆ ಕಡೆ ಬಳಪದ ಸದ್ದು ನಿಂತಿತು.

"ಐತ್ರಿ."

"ಏನೈತಿ?"

"ಅವರದೈತ್ರಿ."

"ಅವರದು ಏನು?"

"ನೀವ ಬಲ್ಲಿರಲ್ರಿ ಅಣ್ಣಾರ. ನನ್ನ ಬಾಯಿಲೆ ಯಾಕ ಹೇಳಸ್ತೀರಿ?"

ಆಗ ತಿಳಿಯಿತು. ನನ್ನ ಅವ್ವ ಕೊನೆಯವರೆಗೂ ಅಪ್ಪನ ಹೆಸರು ಹೇಳಿದವಳಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೆ ಕಾರ್ಡು ಮುಂದೆ ಹಿಡಿದು "ಇದರಾಗೈತಿ, ನೋಡಕೋರಿ" ಅನ್ನುತ್ತಿದ್ದಳು. ಅಂಥ ಮನೆಯಲ್ಲಿ ಬೆಳೆದ ನಾನು, ಗಂಡನ ಕಂಪ್ಯೂಟರಿನ ಮುಂದೆ ಕುಳಿತ ಹೆಂಡತಿಗೆ ಎಲ್ಲವನ್ನೂ ಗಟ್ಟಿಯಾಗಿ ಓದಿರಿ ಎಂದು ಹೇಳಿದ್ದೆ. ಆಕೆ ಎಲ್ಲವನ್ನೂ ಓದಿ ಅದೊಂದನ್ನು ಬಿಟ್ಟಿದ್ದರು, ಬಿಡುವುದೇ ಸರಿ ಎಂದು.

ನಾನು ಕಾಗದದ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಲಗಮಪ್ಪ ಎಂದು ಬರೆದು ಸ್ನೇಹಲ್‌ಗೆ ಓದಿದೆ.

"ಅದರಾಗೇನೂ ತಪ್ಪಿಲ್ಲ ಸರ್," ಎಂದಳು. ಅವಳ ದನಿಯಲ್ಲೂ ಈಗ ಸೋಲು ಕೇಳಿಸಿತು.

ಅಷ್ಟರಲ್ಲಿ ಸತ್ಯವ್ವನವರೇ ಹೇಳಿದರು. "ಇಂಗ್ಲಿಷಿನಾಗ ಬರಕೊಂಡ್ರೇನ್ರಿ? ಇಲ್ಲಿ ಹಂಗಿಲ್ಲ. ನಮ್ಮ ಅಕ್ಷರದಾಗ ಐತಿ. ಅವರು ದವಾಖಾನಿಯಿಂದ ಬಂದ ದಿನ ಶೀತಲ್ ಬರದಿಟ್ಟಾಳ. ಹಚ್ಚಿದ ಕೂಡಲೆ ಅಪ್ಪಗ ತನ್ನ ಹೆಸರು ದೊಡ್ಡದಾಗಿ ಕಾಣಲಿ ಅಂತ."

ಸ್ನೇಹಲ್‌ಗೂ ಅದು ಕೇಳಿಸಿತು.

"ನನ್ನ ತಪ್ಪು ಸರ್," ಎಂದಳು ಅವಳು ಮೆಲ್ಲಗೆ. "ದನಿ ಹುಡುಕೋ ಭಾಗ ನಾ ಬರದದ್ದು. ಅದಕ್ಕ ಇಂಗ್ಲಿಷ್ ಹೆಸರಿನ ದಾರಿ ಅಷ್ಟ ಗೊತ್ತು."

ಕನ್ನಡ ಮಾತಾಡಲೆಂದೇ ಮಾಡಿದ ತಂತ್ರಾಂಶ, ದಾರಿಯಲ್ಲಿ ಒಂದು ಕನ್ನಡ ಹೆಸರು ಅಡ್ಡ ಬಂದರೆ ಮುಂದೆ ಹೋಗಲಾರದು. ನಾನು ಮೂರು ಕಂಪ್ಯೂಟರುಗಳಲ್ಲಿ ಹಾಕಿ ನೋಡಿದ್ದೆ. ಮೂರಕ್ಕೂ ಇಂಗ್ಲಿಷ್ ಅಕ್ಷರದ ಹೆಸರು. ನಾಲ್ಕನೆಯದರಲ್ಲಿ ನೋಡಬೇಕೆಂದು ನನಗೆ ಯಾಕೆ ಅನ್ನಿಸಲಿಲ್ಲ?

"ಅದನ್ನ ಸರಿ ಮಾಡಾಕ ನನಗ ಎರಡು ದಿನ ಬೇಕು. ನಿಮ್ಮ ಕಡೆ ಇಪ್ಪತ್ತು ನಿಮಿಷ ಐತಿ," ಎಂದಳು ಸ್ನೇಹಲ್. "ಆ ಕಂಪ್ಯೂಟರಿನಾಗ ಇನ್ನೊಬ್ಬರ ಹೆಸರಿಲೆ ಹೊಸ ಖಾತೆ ತೆರಸ್ರಿ. ಇಂಗ್ಲಿಷ್ ಅಕ್ಷರದಾಗ. ಅದರಾಗ ಹಾಕಸ್ರಿ."

ಅದಕ್ಕೆ ಕಪ್ಪು ಕಿಟಕಿಯೊಂದನ್ನು ತೆರೆದು ಒಂದು ಸಾಲು ಟೈಪ್ ಮಾಡಬೇಕು. ಹೊಸಬರು ಎಂದೂ ನೋಡಬಾರದೆಂದು ನಾನು ಮುಚ್ಚಿಟ್ಟಿದ್ದ ಕಿಟಕಿ ಅದೇ. ಸತ್ಯವ್ವನವರು ತೆರೆದರು.

"ಕರ್ರಗ ಬಂತ್ರಿ. ಮುಂದ?"

"ಎನ್, ಇ, ಟಿ. ಒಂದು ಖಾಲಿ ಜಾಗಾ. ಯು, ಎಸ್, ಇ, ಆರ್. ಖಾಲಿ ಜಾಗಾ. ಈಗ ಹೆಸರು."

"ಯಾರ ಹೆಸರ್ರಿ?"

"ನಿಮ್ಮದ ಹಾಕ್ರಿ."

"ನಂದಾ?" ಆಕೆ ನಕ್ಕರೋ ಗಾಬರಿಯಾದರೋ ತಿಳಿಯಲಿಲ್ಲ. "ನನ್ನ ಹೆಸರಿನ್ಯಾಗ ಅವರ ಮಾತು ಹೊರಡತೈತೇನ್ರಿ? ಅವರನ್ನ ಒಂದ ಮಾತು ಕೇಳತೇನಿ ತಡೀರಿ."

ಬಟ್ಟೆಯಿಂದ ಪಾಟಿ ಒರೆಸುವ ಸದ್ದು, ಮತ್ತೆ ಬಳಪ.

"ಹಾಕು ಲಗೂ ಅಂತ ಬರದಾರ್ರಿ."

ಮೊದಲ ಸಲ ಖಾಲಿ ಜಾಗ ತಪ್ಪಿ ಕಪ್ಪು ಕಿಟಕಿ ಒಪ್ಪಲಿಲ್ಲ. ಆದರೆ ಎಲ್ಲಿ ತಪ್ಪಿದೆ ಎಂಬುದನ್ನು ಅದು ಹೇಳಿತು. ಎರಡನೇ ಸಲ ಒಪ್ಪಿತು. ಹಳೇ ಖಾತೆಯಿಂದ ಹೊರಬಂದು ಹೊಸದರೊಳಗೆ ಹೋಗುವಷ್ಟರಲ್ಲಿ ಹನ್ನೆರಡು ನಲವತ್ತೇಳು.

"ಪರದೆ ಮ್ಯಾಲ ಹಾಯ್ ಅಂತ ಬಂದೈತ್ರಿ. ಅದಕೇನ ಅನ್ನೂದು?"

"ಏನೂ ಅನಬ್ಯಾಡ್ರಿ. ಕಾಯ್ರಿ."

"ಎಷ್ಟೊತ್ತು?"

"ಹೊಸ ಮನಿ ಇದ್ದಂಗ್ರಿ ಅಕ್ಕಾರ, ಸಾಮಾನು ಜೋಡಸಾಕತ್ತೈತಿ," ಎಂದೆ. ಅದು ಹಳೆಯ ಲ್ಯಾಪ್‌ಟಾಪು. ಐದು ನಿಮಿಷವೋ ಹದಿನೈದೋ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವ ಧೈರ್ಯವಾಗಲಿಲ್ಲ.

ಜೀಪಿನ ಹಾರ್ನು ಕೇಳಿಸಿತು. ಜನರ ಮಾತು, ಚಪ್ಪಲಿ ಬಿಡುವ ಸದ್ದು, "ಬರ್ರಿ, ಬರ್ರಿ, ಕೈಕಾಲಿಗೆ ನೀರ ತಗೋರಿ." ಆಮೇಲೆ ಫೋನಿನಲ್ಲಿ ಗಡಸು ದನಿಯೊಂದು ಬಂತು. ಲಗಮಪ್ಪನವರ ಅಣ್ಣ ರಾಯಪ್ಪ ಎಂದು ಸತ್ಯವ್ವನವರ "ಭಾವಾರ, ತಡೀರಿ" ಎಂಬ ಮಾತಿನಿಂದ ಗೊತ್ತಾಯಿತು.

"ಏ ತಮ್ಮಾ, ಬೈಲಹೊಂಗಲದಾಂವ ನೀನೇನು? ದೈವ ಕುಂತೈತಿ. ಇಂವಗ ಹಿರಿ ಅಣ್ಣ ನಾ ಅದೇನಿ. ನಾ ಮಾತ ಕೊಟ್ರ ನಡಿಯಂಗಿಲ್ಲೇನು? ಮಿಶನ್ನಿನ ಬಾಯಿಲೆ ಹೆಣ್ಣ ಕೊಡಸ್ತೀಯೇನು?"

ಯಾರು ಜೋರು ಮಾಡಿದರೂ ಹೌದ್ರಿ ಅನ್ನುವವನು ನಾನು. ಅವತ್ತು ಬಾಯಿ ಬೇರೆಯೇ ಹೇಳಿತು. "ಮಿಶನ್ನಿನ ದನಿ ಅಲ್ರಿ ಅದು. ಅವರದ ದನಿ."

"ಅವನ ದನಿ ಎಲ್ಲೈತೋ ಮಾರಾಯಾ? ದವಾಖಾನ್ಯಾಗ ಕೊಯ್ದು ಒಗದಾರ. ನಾ ಬಾಗಲದಾಗ ನಿಂತಿದ್ದೆ."

"ಐತ್ರಿ. ಅದಕ್ಕಿಂತ ಮೊದಲ ನಮ್ಮ ಅಂಗಡ್ಯಾಗ ಬಿಟ್ಟು ಹೋಗ್ಯಾರ. ಐದು ನಿಮಿಷ ಕೊಡ್ರಿ."

"ಐದಂದ್ರ ಐದು," ಎಂದು ಫೋನು ಕೊಟ್ಟರು. ಅವರು ಅತ್ತ ಹೋದದ್ದೇ ತಡ, ನನಗೆ ಹೆದರಿಕೆ ಹತ್ತಿತು. ಖಾತೆಯ ಹೆಸರೇ ಕಾರಣ ಎಂದು ನಾವಿಬ್ಬರೂ ನಂಬಿದ್ದೆವು ಅಷ್ಟೆ. ನೋಡಿದವರು ಯಾರು? ಇದೂ ಸುಳ್ಳಾದರೆ, ಇಲ್ಲದ ದನಿಯನ್ನು ಇದೆ ಎಂದು ಹೇಳಿ ಒಂದು ಮನೆಯ ಶುಭಕಾರ್ಯ ನಿಲ್ಲಿಸಿದವನು ನಾನು.

"ಹಾಯ್ ಹೋತ್ರಿ. ನೀಲಿ ಬಂತು," ಎಂದರು ಸತ್ಯವ್ವ.

"ಪೆನ್ ಡ್ರೈವ್ ತೆರೀರಿ. ಮೂರು ಗುಂಡಿ."

"ಮುಂದೆ, ಒತ್ತಿದೆ. ಒಪ್ಪಿದೆ, ಒತ್ತಿದೆ." ಒಂದು ಗಳಿಗೆ, ಇನ್ನೊಂದು ಗಳಿಗೆ. "ಹಸರು ಪಟ್ಟಿ ಹೊಂಟೈತ್ರಿ. ಅರ್ಧಾಕ್ಕ ನಿಂತೈತಿ. ಇಲ್ಲ, ಹೊಂಟತು. ಮುಗಿಯಿತು ಅಂತ ಬಂತ್ರಿ ಅಣ್ಣಾರ!"

ಒಂದು ಮಾತು ಟೈಪ್ ಮಾಡಿಸಿ ನೋಡಿರಿ ಎಂದು ನಾನು ಹೇಳುವುದರೊಳಗೆ ಹೊರಗಿನಿಂದ ಕರೆ ಬಂತು. ಲ್ಯಾಪ್‌ಟಾಪು ಎತ್ತಿಕೊಂಡು ಹೋದರು. ಸತ್ಯವ್ವನವರು ಫೋನ್ ಬಂದ್ ಮಾಡಲು ಮರೆತು ಹಾಗೆಯೇ ಸೊಂಟಕ್ಕೆ ಸಿಕ್ಕಿಸಿಕೊಂಡರೆಂದು ಕಾಣುತ್ತದೆ. ಸೀರೆಯ ಸರಸರದ ನಡುವೆ ಅಂಗಳದ ಮಾತು ಕೇಳಿಸುತ್ತಿತ್ತು. ನಾನು ಸ್ಪೀಕರ್ ಹಚ್ಚಿ, ಎರಡು ಫೋನುಗಳನ್ನೂ ಕೌಂಟರಿನ ಮೇಲೆ ಒಂದಕ್ಕೊಂದು ತಾಗಿಸಿ ಇಟ್ಟೆ. ಕಾದು ನಿಂತಿದ್ದ ಹನುಮಪ್ಪನವರೂ ಬಗ್ಗಿದರು.

ಯಾರೋ ಹಿರಿಯರು ಕೆಮ್ಮಿ ಹೇಳಿದರು. "ಹುಡುಗಿ ಅಪ್ಪ ಮಾತ ಕೊಡ್ಲೆಪಾ."

ಒಂದು ಬೆರಳಿನಿಂದ ಹುಡುಕಿ ಹುಡುಕಿ ಒತ್ತುವ ಕೀಲಿಗಳ ಸದ್ದು. ಅದೂ ನಿಂತಿತು.

"ಹೆಣ್ಣು ಕೊಟ್ಟೇನಿ."

ಅದು ಅವರದೇ ದನಿ. ಹಿಂದಿನ ಕೋಣೆಯಲ್ಲಿ ನಾನೂರು ವಾಕ್ಯ ಓದಿದ, ತುಸು ಒಡೆದ, ಕೊನೆಯ ಅಕ್ಷರವನ್ನು ಅವಸರದಲ್ಲಿ ನುಂಗುವ ದನಿ.

"ಹೆಣ್ಣು ಕೊಟ್ಟೇನಿ."

ಎರಡಾಯಿತು. ಮೂರನೆಯದು ಬರಲಿಲ್ಲ. ಅದೇ ಗುಂಡಿಯನ್ನು ಇನ್ನೊಮ್ಮೆ ಒತ್ತಿದರೆ ಮುಗಿಯಿತು. ಯಾಕೆ ಒತ್ತುತ್ತಿಲ್ಲ? ಸ್ನೇಹಲ್ ಪಿಸುಗುಟ್ಟಿದಳು, "ಸರ್, ಜಾಮ್ ಆತೇನು?" ರಾಯಪ್ಪನವರ ದನಿ, "ನಿಂತತೇನ್ ಅದು? ನಾ ಹೇಳ್ಲೇನು?" ಆಮೇಲೆ ಮತ್ತೆ ಕೀಲಿಗಳ ಸದ್ದು, ಒಂದು, ಎರಡು, ಹತ್ತು, ಇಪ್ಪತ್ತು. ಲೆಕ್ಕ ತಪ್ಪಿತು.

"ಹೆಣ್ಣು ನಾನೂ ಸತ್ಯವ್ವನೂ ಕೂಡಿ ಕೊಟ್ಟೇವಿ."

ಮುದುಕಿಯೊಬ್ಬಳು ಕಿರುಚಿದಳು, "ಅಯ್ಯ ಯವ್ವಾ, ದೈವದಾಗ ಹೇಂತಿ ಹೆಸರ ಹಿಡದ ಕರದ್ನಲ್ಲೇ ಇಂವಾ!" ಅಂಗಳಕ್ಕೆ ಅಂಗಳವೇ ನಕ್ಕಿತು. ರಾಯಪ್ಪನವರು ನಗಲಿಲ್ಲ. "ಅವನದ ದನಿ ಐತ್ರಿ," ಎಂದು ಯಾರಿಗೋ ಹೇಳುತ್ತಿದ್ದರು, ಹೇಳಿದ್ದನ್ನೇ ಮತ್ತೆ ಹೇಳುತ್ತಿದ್ದರು. ಸೀರೆ ಜೋರಾಗಿ ಸರಿಯಿತು. ಫೋನು ಕಟ್ಟಾಯಿತು.

ಹನುಮಪ್ಪನವರು ತಮ್ಮ ಪ್ರಮಾಣಪತ್ರ ಮುಂದೆ ಚಾಚಿದರು. "ಛಲೋ ಆತು ಬಿಡ್ರಿ. ಇನ್ನ ನಂದೊಂದು ತಗದ ಕೊಡ್ರಿ."

ತೆಗೆದುಕೊಟ್ಟೆ. ಎರಡೂ ಮುಖ ಸರಿಯಾಗಿ ಬಂದವು. ಅವರು ಹೋದ ಮೇಲೆ ನೆಮ್ಮದಿಯಿಂದ ಕುಳಿತುಕೊಳ್ಳಬಹುದಿತ್ತು, ಆಗಲಿಲ್ಲ. ಉಲಿಯ ಪೆನ್ ಡ್ರೈವ್ ಒ‌ಯ್ದವರ ಹೆಸರು, ನಂಬರು ಬರೆದಿಟ್ಟ ವಹಿಯನ್ನು ತೆಗೆದೆ. ಆರು ತಿಂಗಳಲ್ಲಿ ಮೂವತ್ತೊಂದು ಮಂದಿ. ಸತ್ಯವ್ವನವರ ಹೊರತು ಒಬ್ಬರೂ ತೊಂದರೆಯಾಯಿತು ಎಂದು ಫೋನ್ ಮಾಡಿರಲಿಲ್ಲ. ಅದನ್ನು ನಾನು ಇಷ್ಟು ದಿನ ಒಳ್ಳೆಯ ಸುದ್ದಿ ಎಂದುಕೊಂಡಿದ್ದೆ.

ಮೊದಲ ಹೆಸರು ಹೂಲಿಯ ಕಾಡಪ್ಪ. ತಾಯಿಗೆ ಲಕ್ವಾ ಹೊಡೆದು ಮಾತು ನಿಂತಿದೆ ಎಂದು ಒಯ್ದಿದ್ದರು.

"ಉಲೀನಾ? ಅದು ಹತ್ತಲಿಲ್ರಿ ಸರ್," ಎಂದರು ಅವರು, ತಪ್ಪು ತಮ್ಮದೇ ಎನ್ನುವ ಹಾಗೆ. "ಮತ್ತೊಮ್ಮೆ ಪ್ರಯತ್ನಿಸಿ ಅಂತು. ಪ್ರಯತ್ನಿಸಿದೆ. ನನಗ ಬರಂಗಿಲ್ಲ ಅಂತ ಬಿಟ್ಟಬಿಟ್ಟೆ. ಪುಕ್ಕಟೆ ಕೊಟ್ಟಾರ, ಮತ್ಯಾಕ ನಿಮಗ ತ್ರಾಸ ಕೊಡೂದು ಅಂತ ಹೇಳಲಿಲ್ಲ."

"ನಿಮಗ ಬರತೈತ್ರಿ," ಎಂದೆ. "ನಂದು ತಪ್ಪೈತಿ. ಈಗ ಕಂಪ್ಯೂಟರ್ ಮುಂದ ಕುಂದ್ರಾಕ ಆಗತೈತೇನ್ರಿ?"

ಅವರು ಕುರ್ಚಿ ಎಳೆದುಕೊಳ್ಳುವ ಸದ್ದು ಕೇಳಿಸಿತು. ಅಂಗಡಿಯ ಬಾಗಿಲಲ್ಲಿ ಇನ್ನಿಬ್ಬರು ಗಿರಾಕಿಗಳು ಬಂದು ನಿಂತರು. ವಹಿಯಲ್ಲಿ ಇನ್ನೂ ಇಪ್ಪತ್ತೊಂಬತ್ತು ಹೆಸರಿದ್ದವು.